ಬ್ಯಾಟರಿ ತಪ್ಪಲ್ಲ, ಡೈನಮೋದ್ದು

ಇದು ಅಪ್ಪನ ಡೀಸೆಲ್ ಜೀಪ್, 1994ರದ್ದು. ಹೋದ ವಾರ ರಾತ್ರಿ ಗದಗಿನಿಂದ ಹುಬ್ಬಳ್ಳಿಗೆ ಬರ್ತಿದ್ದೆ. ಅಣ್ಣಿಗೇರಿ ದಾಟಿದ್ದೇ ತಡ, ಹೆಡ್‌ಲೈಟ್ ಕಂದೀಲಿನ ಹಾಗೆ ಮಂಕಾಯಿತು. ಹಳೇ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಎಂಜಿನ್, ಬಂದ್ ಮಾಡುವುದೂ ಕೇಬಲ್ ಎಳೆದೇ. ಕರೆಂಟ್ ಇಲ್ಲದಿದ್ದರೂ ಓಡುತ್ತದೆ. ಒಂದು ಲಾರಿಯ ಹಿಂದೆ ಹಿಂದೆಯೇ ಬಂದು ಮನೆ ಸೇರಿದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್, ಅಷ್ಟೇ.

ಓಣಿಯವರೆಲ್ಲ ಹೇಳಿದ್ದು ಒಂದೇ, ಬ್ಯಾಟರಿ ಬದಲಿಸು ಅಂತ. ಗೋಕುಲ ರೋಡಿನ ಎಲೆಕ್ಟ್ರಿಷಿಯನ್ ಕಾಕಾ ಒಪ್ಪಲಿಲ್ಲ. "ಸುಮ್ನ ರೊಕ್ಕ ಹಾಳ ಮಾಡಬ್ಯಾಡ ತಮ್ಮಾ, ಮೊದಲ ಮೀಟರ್ ಹಚ್ಚೂಣು" ಅಂದರು.

ನೋಡಿ, ರಾತ್ರಿಯೆಲ್ಲ ಚಾರ್ಜರ್‌ಗೆ ಹಾಕಿಟ್ಟ ಬ್ಯಾಟರಿ, ಎಂಜಿನ್ ಬಂದ್ ಇದ್ದಾಗ 12.6 ವೋಲ್ಟ್. ಸರಿ ಇದೆ. ಎಂಜಿನ್ ಚಾಲೂ ಆದ ಮೇಲೆ ಇದು 13.8ರಿಂದ 14.4ರ ಒಳಗೆ ಬರಬೇಕು. ನಮ್ಮದು 12.3. ಲೈಟ್ ಹಾಕಿದರೆ 11.9. ಎಕ್ಸಲರೇಟರ್ ಒತ್ತಿದರೂ ಮೇಲೇಳಲಿಲ್ಲ. ಬೆಲ್ಟ್ ಬಿಗಿ ಇತ್ತು, ವೈರೂ ಗಟ್ಟಿ ಇತ್ತು. ಅಲ್ಲಿಗೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋನೇ ಕೈಕೊಟ್ಟಿದೆ ಅಂತಾಯಿತು. ಇದರ ಸರಿಯಾದ ಹೆಸರು ಆಲ್ಟರ್ನೇಟರ್, ನಮ್ಮ ಗ್ಯಾರೇಜುಗಳಲ್ಲಿ ಡೈನಮೋ ಅಂತಲೇ ಅನ್ನೋದು. ಡ್ಯಾಶ್‌ನ ಕೆಂಪು ಬ್ಯಾಟರಿ ದೀಪ ತಿಂಗಳಿಂದ ಮಿಣಿಮಿಣಿ ಅಂತಿತ್ತು. ನಾನು ಅವತ್ತೇ ನೋಡಬೇಕಿತ್ತು.

ಕೆಲವರು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷೆ ಮಾಡ್ತಾರೆ. ದಯವಿಟ್ಟು ಬೇಡ. ಒಮ್ಮೆಲೇ ವೋಲ್ಟೇಜ್ ಏರಿ ಒಳಗಿನ ಡಯೋಡ್ ಸುಟ್ಟುಹೋಗಬಹುದು.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆವು. ಡೈನಮೋದ ದಪ್ಪ ವೈರಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಪಾನಾ ಜೀಪಿನ ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಹಿಂದಿನ ಮುಚ್ಚಳ ತೆಗೆದಾಗ ಎರಿ ಮಣ್ಣಿನ ಧೂಳು ಉದುರಿತು. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದು ಜೋಳದ ಕಾಳಿನಷ್ಟೇ ಉಳಿದಿತ್ತು. ಅದು ಉಜ್ಜುವ ತಾಮ್ರದ ರಿಂಗಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ. ಕೈಯಿಂದ ತಿರುಗಿಸಿದರೆ ಬೇರಿಂಗ್ ಗರಗರ ಅಂತಿತ್ತು. ಬ್ರಶ್ ಒಂದೇ ಹೋಗಿದ್ದರೆ ಅದನ್ನಷ್ಟೇ ಹಾಕಿಸುತ್ತಿದ್ದೆ. ಇಷ್ಟೆಲ್ಲ ಸವೆದ ಮೇಲೆ ಪೂರ್ತಿ ಬದಲಿಸುವುದೇ ಸರಿ ಅನಿಸಿತು.

ಹೊಸದರ ಪುಲ್ಲಿ, ಆಂಪಿಯರ್ ಹಳೆಯದಕ್ಕೆ ಹೊಂದುತ್ತವೆಯಾ ಅಂತ ಪಕ್ಕದಲ್ಲಿಟ್ಟು ನೋಡಿ, ಎರಡು ಬೋಲ್ಟ್ ಕೂಡಿಸಿದೆವು. ಬೆಲ್ಟನ್ನು ಹೆಬ್ಬೆರಳಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಒಳಗೆ ಹೋಗಬೇಕು. ಜಾಸ್ತಿ ಬಿಗಿದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ. ನೆಗೆಟಿವ್ ಕೊನೆಗೆ ಹಾಕಿದೆವು.

ಸ್ಟಾರ್ಟ್. 14.2! ಲೈಟ್, ವೈಪರ್ ಎಲ್ಲ ಹಾಕಿದರೂ 13.8. ಕಾಕಾ ಮೀಟರ್ ಮಡಚಿಟ್ಟರು.

ಅವತ್ತೇ ರಾತ್ರಿ ಅಪ್ಪನನ್ನು ಕೂಡಿಸಿಕೊಂಡು ಮತ್ತೆ ಅಣ್ಣಿಗೇರಿ ರಸ್ತೆಗೆ ಹೋದೆ. ಲೈಟ್ ಹಾಕಿದೆ. ರಸ್ತೆ ಪಕ್ಕದ ಹತ್ತಿ ಹೊಲದವರೆಗೂ ಬೆಳಕು ಬಿತ್ತು. ಅಪ್ಪ ಮುಂದಕ್ಕೆ ಬಾಗಿ ನೋಡಿ, "ಈಗ ದಾರಿ ಕಾಣಸ್ತೈತಿ ನೋಡು" ಅಂದರು.