ಶನಿವಾರ ರಜೆ ಇಲ್ಲದವರಿಗೆ ವೀಕೆಂಡ್ ಎಂಬಿಎ ಆಗುತ್ತದಾ?

ನಮಸ್ಕಾರ. ಇವತ್ತು ಎಕ್ಸಿಕ್ಯುಟಿವ್ ಎಂಬಿಎ, ಅಂದರೆ ಕೆಲವು ವರ್ಷ ಕೆಲಸ ಮಾಡಿದವರು ಓದುವ ಎಂಬಿಎ ಬಗ್ಗೆ ಮಾತಾಡೋಣ. ಮಾಡಬೇಕಾ, ಬೇಡವಾ, ಮಾಡಿದರೆ ಎಲ್ಲಿ? ಈ ವಿಷಯದ ಮೇಲೆ ನಾನು ನೋಡಿದ ವಿಡಿಯೋಗಳೆಲ್ಲ ಹೆಚ್ಚುಕಮ್ಮಿ ಐಟಿಯವರು ಮಾಡಿದ್ದು. ಅವರಿಗೆ ಶನಿವಾರ ರಜೆ. ನನಗೆ ಇಲ್ಲ. ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ವಾರಕ್ಕೆ ಆರು ದಿನ ಕೆಲಸ. ತಿಂಗಳ ಕೊನೆಯ ಶನಿವಾರ ಅಂದರೆ ಡಿಸ್ಪ್ಯಾಚ್ ಗಡಿಬಿಡಿ, ಆವತ್ತು ಊಟಕ್ಕೆ ಕೂರುವುದೇ ಮೂರು ಗಂಟೆಗೆ. ಹಾಗಾಗಿ ಈ ವಿಡಿಯೋ ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ಗಾರ್ಮೆಂಟ್ಸ್ ಅಂತ ದುಡಿಯುವ ನಮ್ಮಂಥವರಿಗೆ.

ತೆರೆಯ ಮೇಲೆ ಕಾಣುತ್ತಿರುವುದು ನಮ್ಮ ಕಾರ್ಖಾನೆ ಇರುವ ರಸ್ತೆ. ಒಳಗೆ ಶೂಟ್ ಮಾಡುವಂತಿಲ್ಲ, ಗ್ರಾಹಕರ ಡ್ರಾಯಿಂಗ್‌ಗಳು ಗೋಡೆ ತುಂಬ ಇರುತ್ತವೆ.

ನನಗೆ ಈ ಓದು ಬೇಕು ಅನ್ನಿಸಿದ್ದು ಒಂದು ಅಳತೆ ಯಂತ್ರದಿಂದ. ಸಿಎಂಎಂ ಅಂತೀವಿ. ಭಾಗದ ಮೇಲೆ ಅದರ ಸಣ್ಣ ಮಾಣಿಕ್ಯದ ತುದಿ ಮುಟ್ಟಿಸಿದರೆ ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹೇಳುತ್ತದೆ. ಹೊಸದೊಂದು ಬೇಕು ಅಂತ ಮೀಟಿಂಗ್‌ನಲ್ಲಿ ಕೇಳಿದೆ. ರಿಜೆಕ್ಷನ್ ಎಷ್ಟು, ರೀವರ್ಕ್ ಎಷ್ಟು, ಯಾವ ಗ್ರಾಹಕರಿಂದ ದೂರು ಬಂದಿದೆ, ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಫೈನಾನ್ಸ್‌ನವರು ಕೇಳಿದ್ದು ಬೇರೆ. ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ? ಅದೇ ದುಡ್ಡನ್ನು ಇನ್ನೊಂದು ಲೈನ್‌ಗೆ ಹಾಕಿದರೆ ಹೆಚ್ಚು ಬರುವುದಿಲ್ಲವಾ? ನಾವಿಬ್ಬರೂ ಒಂದೇ ಕಾರ್ಖಾನೆಯ ಬಗ್ಗೆ ಮಾತಾಡುತ್ತಿದ್ದೆವು, ನೋಡುತ್ತಿದ್ದದ್ದು ಮಾತ್ರ ಬೇರೆ ಬೇರೆ. ಗೋಡೌನ್‌ನಲ್ಲಿ ಮೂರು ವಾರಕ್ಕಾಗುವಷ್ಟು ಕಾಸ್ಟಿಂಗ್, ಅಂದರೆ ಎರಕದ ಭಾಗಗಳು, ಇದ್ದರೆ ನನಗೆ ಧೈರ್ಯ. ಅವರಿಗೆ ಅದು ಬ್ಯಾಂಕಿಗೆ ಕಟ್ಟುವ ಬಡ್ಡಿ. ಆ ಕಣ್ಣು ನನಗೂ ಬೇಕು. ಮುಂದೊಂದು ದಿನ ಇಡೀ ಪ್ಲಾಂಟ್ ನೋಡಿಕೊಳ್ಳುವ ಆಸೆ ಇದೆ. ಆ ಕುರ್ಚಿಯಲ್ಲಿ ಕೂರುವವರಿಗೆ ಎರಡೂ ಕಾಣಬೇಕು.

ಇಷ್ಟಕ್ಕೇ ಎಂಬಿಎ ಬೇಕಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಮೊದಲು ಪುಕ್ಕಟೆಯದನ್ನು ನೋಡಿದೆ. ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಹೊಣೆ ನಮ್ಮ ಬೆಂಗಳೂರು ಐಐಎಂನದು (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್). ಪಾಠ ಕೇಳಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಅಕೌಂಟಿಂಗ್ ಕಲಿತೆ. ಬ್ಯಾಲೆನ್ಸ್ ಶೀಟ್ ಓದುವ ಭಯ ಹೋಯಿತು. ಯಾರೇ ನನ್ನನ್ನು ಕೇಳಿದರೂ ಮೊದಲು ಇದನ್ನು ಮಾಡಿ ಅಂತಲೇ ಹೇಳುತ್ತೇನೆ. ರಾತ್ರಿ ಮಗು ಮಲಗಿದ ಮೇಲೆ ಒಂದು ಗಂಟೆ ಕೂತು ಪಾಠ ಮುಗಿಸುವ ತಾಳ್ಮೆ ನಮ್ಮಲ್ಲಿ ಇದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆದರೆ ಒಬ್ಬಳೇ ಕೂತು ಕಲಿತರೆ ವಾದ ಮಾಡುವವರು ಇರುವುದಿಲ್ಲ. ಬೇರೆ ಉದ್ಯಮದವರು ನಮ್ಮ ಲೆಕ್ಕವನ್ನು ಹಿಡಿದು ಜಗ್ಗಬೇಕು. ಅದು ತರಗತಿಯಲ್ಲೇ ಸಿಗುವುದು.

ಸರಿ, ಎಲ್ಲಿ? ಯಾವ ಕಾಲೇಜು ದೊಡ್ಡದು ಅಂತ ಶುರು ಮಾಡಿದರೆ ತಲೆ ಕೆಡುತ್ತದೆ. ಮೊದಲು ಇದನ್ನು ಕೇಳಿಕೊಳ್ಳಿ. ನಿಮಗೆ ದಾರಿ ಬದಲಿಸಬೇಕಾ, ಇದೇ ದಾರಿಯಲ್ಲಿ ಮೇಲೆ ಹೋಗಬೇಕಾ? ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿಯೇ ಬಿದ್ದುಹೋಗುತ್ತದೆ.

ದಾರಿ ಬದಲಿಸುವವರಿಗೆ ಒಂದು ವರ್ಷದ ಪೂರ್ಣಾವಧಿ ಕೋರ್ಸ್ ಒಳ್ಳೆಯದು. ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್, ಬೆಂಗಳೂರಿನ ಇಪಿಜಿಪಿ, ಕೋಲ್ಕತ್ತದ ಎಂಬಿಎಇಎಕ್ಸ್ (ಮೊದಲು ಪಿಜಿಪಿಇಎಕ್ಸ್ ಅಂತ ಇತ್ತು), ಹೈದರಾಬಾದ್ ಮತ್ತು ಮೊಹಾಲಿಯಲ್ಲಿರುವ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್). ಕೆಲಸ ಬಿಟ್ಟು, ಅಲ್ಲೇ ಇದ್ದು ಓದಬೇಕು. ಕೊನೆಯಲ್ಲಿ ಕಂಪನಿಗಳು ಬಂದು ಕರೆದುಕೊಳ್ಳುತ್ತವೆ. ನೌಕರಿ ಬಿಡದೆ ಓದುವ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಆ ಪ್ಲೇಸ್‌ಮೆಂಟ್ ಇರುವುದಿಲ್ಲ. ಇದನ್ನು ಸೇರುವ ಮೊದಲೇ ತಿಳಿದುಕೊಳ್ಳಿ, ಆಮೇಲೆ ಬೇಜಾರಾಗಬೇಡಿ.

ದುಡ್ಡಿನ ವಿಷಯ ಬಿಡಿಸಿ ಹೇಳಬೇಕು. ಅಹಮದಾಬಾದ್ ಆಗಲಿ ಐಎಸ್‌ಬಿ ಆಗಲಿ, ಒಂದು ವರ್ಷದ ಕೋರ್ಸ್‌ಗೆ ಫೀಸೇ 30 ಲಕ್ಷ ದಾಟುತ್ತದೆ. ಅದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು, ಆ ವರ್ಷ ಬಾರದ ಸಂಬಳ. ಜೊತೆಗೆ ಮನೆ ಸಾಲದ ಕಂತು, ಮಗಳ ಶಾಲೆ ಫೀಸು, ಇವು ಯಾವುದೂ ಒಂದು ವರ್ಷ ಕಾಯುವುದಿಲ್ಲ. ಹೆಸರಾಂತ ಸಂಸ್ಥೆಗಳಲ್ಲಿ ಓದುವವರಿಗೆ ಬ್ಯಾಂಕುಗಳು ಅಡಮಾನ ಇಲ್ಲದೆಯೂ ಸಾಲ ಕೊಡುತ್ತವೆ, ಎಸ್‌ಬಿಐನ ಸ್ಕಾಲರ್ ಲೋನ್ ಅಂಥದ್ದು. ಓದು ಮುಗಿದ ಮೇಲೆ ಕಂತು ಶುರುವಾದರೂ ಬಡ್ಡಿ ಮಾತ್ರ ಸಾಲ ತೆಗೆದ ದಿನದಿಂದಲೇ ಓಡುತ್ತದೆ. ಇನ್ನೊಂದು ಮಾತು. ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷದವರೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ ಅಂತಾರೆ, ನಿಜ. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ಅದೂ ಬಡ್ಡಿಗೆ ಮಾತ್ರ. ಅಸಲಿಗೆ ಇಲ್ಲ. ಹೊಸ ಪದ್ಧತಿಗೆ ಹೋದವರಿಗೆ ಅದೂ ಸಿಗುವುದಿಲ್ಲ.

ನನಗೆ ದಾರಿ ಬದಲಿಸುವುದು ಬೇಕಿಲ್ಲ. ಯಂತ್ರಗಳ ಸದ್ದು ನನಗೆ ಇಷ್ಟ. ಇಲ್ಲೇ ಮೇಲೆ ಹೋಗಬೇಕು. ಹಾಗಾಗಿ ಪೂರ್ಣಾವಧಿ ಕೋರ್ಸ್‌ಗಳನ್ನು ಪಟ್ಟಿಯಿಂದ ತೆಗೆದೆ.

ನೌಕರಿಯಲ್ಲಿದ್ದೇ ಓದುವುದು ಹಳೆಯ ಪದ್ಧತಿ. ಎಕ್ಸಿಕ್ಯುಟಿವ್ ಎಂಬಿಎ ಅನ್ನುವುದನ್ನು ಷಿಕಾಗೋ ವಿಶ್ವವಿದ್ಯಾಲಯ 1943ರಲ್ಲೇ ಶುರು ಮಾಡಿತ್ತು. ಈಗ ನಮ್ಮಲ್ಲೂ ಬೇಕಾದಷ್ಟಿವೆ. ಕೋಳಿಕ್ಕೋಡ್ ಐಐಎಂನದು ಲೈವ್ ಆನ್‌ಲೈನ್ ತರಗತಿ, ಮಧ್ಯೆ ಕ್ಯಾಂಪಸ್‌ಗೆ ಹೋಗಿ ಬರಬೇಕು. ಐಎಸ್‌ಬಿಯ ಪಿಜಿಪಿಮ್ಯಾಕ್ಸ್ 10 ವರ್ಷಕ್ಕಿಂತ ಜಾಸ್ತಿ ಅನುಭವ ಇರುವ ಹಿರಿಯರಿಗೆ. ಬೆಂಗಳೂರು ಐಐಎಂನಲ್ಲಿ ಪಿಜಿಪಿಇಎಂ ಇದೆ, ಎರಡು ವರ್ಷ, ವಾರಾಂತ್ಯದ ತರಗತಿ.

ಇವುಗಳ ನಡುವೆ ಒಂದು ಎಚ್ಚರಿಕೆ. ಒಂದು ಕಡೆ ಆನ್‌ಲೈನ್ ಕೋರ್ಸ್ ವಿಚಾರಿಸಿದ್ದೇ ತಡ, ದಿನಕ್ಕೆ ನಾಲ್ಕು ಫೋನು. ‘ಮೇಡಂ, ಇವತ್ತೇ ಸೀಟ್ ಬ್ಲಾಕ್ ಮಾಡಿದರೆ ಡಿಸ್ಕೌಂಟ್’ ಅಂತ. ಕೊನೆಗೆ ಕೈಗೆ ಸಿಗುವುದು ಡಿಗ್ರಿಯಾ, ಡಿಪ್ಲೊಮಾವಾ, ಸರ್ಟಿಫಿಕೇಟಾ ಅಂತ ಕೇಳಿದರೆ ಮಾತು ತೇಲಿಸುತ್ತಾರೆ. ಐಐಎಂಗಳಿಗೂ ಡಿಗ್ರಿ ಕೊಡುವ ಅಧಿಕಾರ ಬಂದದ್ದು 2017ರ ಐಐಎಂ ಕಾಯ್ದೆಯಿಂದ. ಅದಕ್ಕೆ ಮುಂಚೆ ಅಲ್ಲಿ ಓದಿದವರಿಗೂ ಡಿಪ್ಲೊಮಾ ಸಿಗುತ್ತಿತ್ತು, ಅದರ ಬೆಲೆ ಏನೂ ಕಡಿಮೆ ಇರಲಿಲ್ಲ. ಡಿಪ್ಲೊಮಾ ಆದರೂ ತೊಂದರೆ ಇಲ್ಲ, ಸರ್ಟಿಫಿಕೇಟ್ ಆದರೂ ಇರಬಹುದು. ಆದರೆ ಅದು ಏನು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬರೆದು ಕೊಡದವರಿಗೆ ದುಡ್ಡು ಕೊಡಬೇಡಿ.

ಈಗ ಕಾಣುತ್ತಿರುವುದು ಬನ್ನೇರುಘಟ್ಟ ರಸ್ತೆಯ ಬೆಂಗಳೂರು ಐಐಎಂ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರ ವಿನ್ಯಾಸ. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಿದ್ದಂತೆ. ಒರಟು ಕಲ್ಲಿನ ಗೋಡೆ, ಮೇಲೆ ತೆರೆದ ಚೌಕಟ್ಟು, ಅದರ ಮೇಲೆ ಹಬ್ಬಿದ ಬಳ್ಳಿ. ನಡೆಯುತ್ತಾ ಹೋದರೆ ಬಿಸಿಲು ತುಂಡು ತುಂಡಾಗಿ ಕಾಲ ಮೇಲೆ ಬೀಳುತ್ತದೆ. ತುಂಬಾ ಇಷ್ಟವಾಯಿತು.

ಅಲ್ಲಿಗೆ ಹೋಗುವುದು ಹೇಗೆ ಅಂತಲೂ ನೋಡಿಬಂದೆ. ಪೀಣ್ಯದಿಂದ ಗ್ರೀನ್ ಲೈನ್‌ನಲ್ಲಿ ಆರ್.ವಿ. ರೋಡ್, ಅಲ್ಲಿಂದ ಯೆಲ್ಲೋ ಲೈನ್‌ನಲ್ಲಿ ಜಯದೇವ, ಆಮೇಲೆ ಬಸ್ಸು. ನಗರದ ಒಂದು ತುದಿಯಿಂದ ಇನ್ನೊಂದು ತುದಿ. ಮೆಟ್ರೋದಲ್ಲಿ ಸೀಟ್ ಸಿಕ್ಕರೆ ಓದಿಕೊಂಡು ಹೋಗಬಹುದು. ಎರಡು ವರ್ಷ ಹೋಗಿ ಬರುವ ದಾರಿ ಅಲ್ವಾ, ಒಮ್ಮೆಯಾದರೂ ತರಗತಿಯ ಹೊತ್ತಿಗೇ ಹೊರಟು ನೋಡಿ.

ಈ ಪಿಜಿಪಿಇಎಂ ಮೊದಲು ಪಿಜಿಎಸ್‌ಇಎಂ ಅಂತ ಇತ್ತು, ಸಾಫ್ಟ್‌ವೇರ್ ಉದ್ಯಮದವರಿಗಾಗಿಯೇ ಶುರುವಾದದ್ದು. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಅದು ಸಲೀಸು. ಈಗ ಎಲ್ಲ ಉದ್ಯಮದವರಿಗೂ ಬಾಗಿಲು ತೆರೆದಿದೆ, ಆದರೆ ವಾರಾಂತ್ಯ ಅನ್ನುವುದು ನಮ್ಮ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ನನ್ನ ನಿಜವಾದ ಪ್ರಶ್ನೆ ಫೀಸಲ್ಲ, ಶನಿವಾರ.

ಅದಕ್ಕೆ ನೇರವಾಗಿ ನಮ್ಮ ಎಂಡಿ ಹತ್ತಿರ ಹೋದೆ. ‘ಸರ್, ಕಂಪನಿ ದುಡ್ಡು ಕೊಡುವುದು ಬೇಡ. ಶನಿವಾರ ಬಿಟ್ಟುಕೊಡಿ ಸಾಕು’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಸರಿ, ಲೈನ್‌ಗೆ ಯಾರಮ್ಮಾ?’ ನನ್ನ ಹತ್ತಿರ ಉತ್ತರ ಇತ್ತು. ನಮ್ಮ ವಿಭಾಗದ ಇಬ್ಬರು ಹುಡುಗಿಯರು ಅಂತಿಮ ತಪಾಸಣೆಯನ್ನು ತಾವೇ ನಡೆಸುವಷ್ಟು ಪಳಗಿದ್ದಾರೆ. ಶನಿವಾರದ ಸಹಿ ಅವರದು, ಜವಾಬ್ದಾರಿ ನನ್ನದು. ತಿಂಗಳ ಕೊನೆಯ ವಾರ ನಾನು ಸಂಜೆ ಹೆಚ್ಚು ಹೊತ್ತು ಇರುತ್ತೇನೆ. ಇಷ್ಟನ್ನೂ ಇಮೇಲ್‌ನಲ್ಲಿ ಬರೆದು ಕಳಿಸಿದೆ, ಅವರು ಒಪ್ಪಿ ಉತ್ತರ ಕೊಟ್ಟರು. ಕಂಪನಿ ಫೀಸು ಕಟ್ಟಿದರೆ ಸಾಮಾನ್ಯವಾಗಿ ಬಾಂಡ್ ಕೇಳುತ್ತಾರೆ, ಎರಡೋ ಮೂರೋ ವರ್ಷ ಬಿಡುವಂತಿಲ್ಲ. ನನಗೆ ದುಡ್ಡಿಗಿಂತ ದಿನ ಮುಖ್ಯವಾಗಿತ್ತು.

ಮನೆಯಲ್ಲೂ ಮಾತಾಯಿತು. ನಮ್ಮವರು ಭಾನುವಾರದ ಅಡುಗೆ ತಾವು ನೋಡಿಕೊಳ್ಳುತ್ತೇನೆ ಅಂದರು. ಅತ್ತೆ ಹೇಳಿದ್ದು ಇಷ್ಟು, ‘ಓದೋದಾದ್ರೆ ಓದಮ್ಮ. ಪಾಪು ಪರೀಕ್ಷೆ ವಾರ ಮಾತ್ರ ರಾತ್ರಿ ನೀನೇ ಕೂರಬೇಕು, ನಂಗೆ ಆ ಹೊಸ ಗಣಿತ ಬರಲ್ಲ.’ ಒಪ್ಪಿದೆ.

ಕ್ಯಾಂಪಸ್‌ನಲ್ಲಿ ಈ ಹಿಂದೆ ಓದಿದ ಒಬ್ಬರು ಸಿಕ್ಕಿದ್ದರು, ಆಸ್ಪತ್ರೆಯ ಆಡಳಿತದಲ್ಲಿ ಇರುವವರು. ತರಗತಿಗಿಂತ ಗುಂಪಿನ ಕೆಲಸವೇ ಹೆಚ್ಚು ಹೊತ್ತು ತಿನ್ನುತ್ತದೆ, ರಾತ್ರಿ ಹನ್ನೊಂದಕ್ಕೆ ಕಾಲ್ ಶುರುವಾಗುವುದೂ ಉಂಟು ಅಂದರು. ಹಬ್ಬ, ಮದುವೆ, ಊರ ಜಾತ್ರೆ, ಎರಡು ವರ್ಷ ಹಲವನ್ನು ಬಿಡಬೇಕಾಗುತ್ತದೆ ಅಂತಲೂ ಹೇಳಿದರು. ಇದನ್ನು ನಮ್ಮ ತವರಿನಲ್ಲಿ, ದಾವಣಗೆರೆಯಲ್ಲಿ, ಈಗಲೇ ಹೇಳಿಟ್ಟಿದ್ದೇನೆ.

ಹಾಗಾಗಿ ನನ್ನ ತೀರ್ಮಾನ, ಬೆಂಗಳೂರಿನಲ್ಲೇ, ವಾರಾಂತ್ಯದ ಕೋರ್ಸ್, ಮುಂದಿನ ಬ್ಯಾಚ್‌ಗೆ ಅರ್ಜಿ. ಸದ್ಯ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ಈಗಿನ ಜಿಮ್ಯಾಟ್ ಎರಡೂಕಾಲು ಗಂಟೆಯದು, ಮೂರು ಭಾಗ, ಭಾಗಕ್ಕೆ 45 ನಿಮಿಷ. ರೇಖಾಗಣಿತದ ಪ್ರಶ್ನೆಗಳನ್ನು ತೆಗೆದಿದ್ದಾರೆ. ಅಂಕ 5 ವರ್ಷ ಚಾಲ್ತಿಯಲ್ಲಿ ಇರುತ್ತದೆ, ಹಾಗಾಗಿ ಸೇರುವುದು ಒಂದು ವರ್ಷ ಮುಂದೆ ಹೋದರೂ ಪರೀಕ್ಷೆ ಬರೆದದ್ದು ದಂಡವಲ್ಲ. ಡೇಟಾ ಇನ್‌ಸೈಟ್ಸ್ ಅನ್ನುವ ಭಾಗ ನಮ್ಮ ಕಾರ್ಖಾನೆಯವರಿಗೆ ಚೆನ್ನಾಗಿ ಹಿಡಿಸುತ್ತದೆ. ಪಟ್ಟಿ, ಗ್ರಾಫ್ ನೋಡಿ ತೀರ್ಮಾನ ಮಾಡುವುದು ನಮ್ಮ ದಿನದ ಕೆಲಸವೇ. ಮುಂದಿನ ವಿಡಿಯೋ ಅದರ ಮೇಲೆ.

ಆರು ದಿನ ಕೆಲಸ ಮಾಡುತ್ತಾ ಇಂಥ ಕೋರ್ಸ್ ಮುಗಿಸಿದವರು ಯಾರಾದರೂ ನೋಡುತ್ತಿದ್ದರೆ ದಯವಿಟ್ಟು ಬರೆಯಿರಿ. ಶಿಫ್ಟ್ ಬದಲಿಸಿಕೊಂಡಿರಾ, ರಜೆ ಕೂಡಿಟ್ಟಿರಾ, ಮಾಲೀಕರ ಜೊತೆ ಏನು ಮಾತಾಯಿತು, ಎಲ್ಲ ಹೇಳಿ. ನನಗೂ ಬೇಕು, ನನ್ನಂಥ ಇನ್ನೂ ಎಷ್ಟೋ ಜನರಿಗೂ ಬೇಕು.