ಗೋದಲಿಯನ್ನು 26ಕ್ಕೇ ಬಿಚ್ಚಬೇಡಿ ಮಾರಾಯ್ರೇ

ಎಲ್ಲರಿಗೂ ನಮಸ್ಕಾರ, ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು. ಇವತ್ತೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಹಬ್ಬ ಇನ್ನೂ ನಡೆಯುತ್ತಾ ಉಂಟು.

ಕಳೆದ ವಿಡಿಯೊದಲ್ಲಿ ನನ್ನ ಹಿಂದೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಾಣುತ್ತಿತ್ತು. ಅದಕ್ಕೆ ಒಬ್ಬ ಕಾಮೆಂಟ್ ಹಾಕಿದ್ದಾನೆ: "ಅಂಕಲ್, ಕ್ರಿಸ್‌ಮಸ್ ಮುಗಿದು ಮೂರು ದಿನ ಆಯ್ತು, ಇನ್ನೂ ಬಿಚ್ಚಿಲ್ವಾ?" ಬೇರೆ ಯಾರಾದರೂ ಕೇಳಿದ್ದರೆ ಸುಮ್ನೆ ಇರುತ್ತಿದ್ದೆ. ಕೇಳಿದವನು ನಮ್ಮ ಕಾಸರಗೋಡಿನ ಕ್ರೈಸ್ತ ಹುಡುಗ. ದಿನಾ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಹೇಳುವ ಮನೆಯಲ್ಲಿ ಬೆಳೆದವನು.

ಕೇಳು ಮಗ. 25ಕ್ಕೆ ಹಬ್ಬ ಶುರುವಾಗುವುದು. ಚರ್ಚಿನ ಕ್ಯಾಲೆಂಡರಿನಲ್ಲಿ ಕ್ರಿಸ್‌ಮಸ್ ಕಾಲ ಅಂದರೆ ಡಿಸೆಂಬರ್ 24ರ ಸಂಜೆಯಿಂದ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ. ಅದು ಬರುವುದು ಜನವರಿ 7ರಿಂದ 13ರೊಳಗೆ. 26 ಸಂತ ಸ್ತೇಫನರ ದಿನ, 27 ಸಂತ ಯೊವಾನ್ನರದು, 28 ಹೆರೋದ ರಾಜ ಕೊಲ್ಲಿಸಿದ ಹಸುಗೂಸುಗಳದು. ಹೊಸ ವರ್ಷದ ಪೂಜೆ ಅಂತ ಜನವರಿ 1ಕ್ಕೆ ಹೋಗುತ್ತೀರಲ್ಲ, ಅದು ಕ್ರಿಸ್‌ಮಸ್‌ನ ಎಂಟನೇ ದಿನ, ಮಾತೆ ಮರಿಯಮ್ಮನವರ ಹಬ್ಬ. ಇಷ್ಟೆಲ್ಲ ಬಾಕಿ ಇರುವಾಗ ಗೋದಲಿ ಬಿಚ್ಚುವುದಾ?

ಬಿಚ್ಚಿದರೆ ಬಾಲಯೇಸುವನ್ನು ನೋಡಲು ಬರುವ ಮೂರು ರಾಯರು ಎಲ್ಲಿಗೆ ಬರಬೇಕು? ಅವರ ಹಬ್ಬ ಜನವರಿ 6ಕ್ಕೆ. ನಮ್ಮ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಅದರ ಹತ್ತಿರದ ಭಾನುವಾರ ಮಾಡುತ್ತಾರೆ. ನಮ್ಮ ಮನೆಯ ಗೊಂಬೆ ರಾಯರು 25ಕ್ಕೆ ಟಿವಿ ಸ್ಟ್ಯಾಂಡಿನಿಂದ ಹೊರಡುತ್ತಾರೆ. ದಿನಾ ತೇರ್ಸ್ ಮುಗಿದ ಮೇಲೆ ಮೊಮ್ಮಗಳು ಅವರನ್ನು ಒಂದು ಗೇಣು ಮುಂದೆ ಇಡುತ್ತಾಳೆ. ಈಗ ಕಿಟಕಿಯ ದಂಡೆಗೆ ಬಂದಿದ್ದಾರೆ. ಒಂದು ಒಂಟೆಯ ಮುಂಗಾಲು ಮುರಿದಿದೆ, ಅದಕ್ಕೆ ಬೆಂಕಿಪೊಟ್ಟಣ ಒತ್ತು ಕೊಟ್ಟು ನಿಲ್ಲಿಸುತ್ತಾಳೆ. ನಾಳೆ ಎಲ್ಲಿಗೆ ತಲುಪಬೇಕು ಅಂತ ಇವತ್ತೇ ಲೆಕ್ಕ ಹಾಕುತ್ತಾಳೆ. ಆ ಮಗುವಿಗೆ "ರಾಯರು ಬರುವುದು ಬೇಡ, ಡಬ್ಬಕ್ಕೆ ಹಾಕು" ಅಂತ ನಾನು ಹೇಳಬೇಕಾ?

ನೆವನಗಳು ನನಗೆ ಗೊತ್ತಿಲ್ಲದ್ದಲ್ಲ. ಗೋದಲಿಯ ಹಸಿರಿಗೆ ಅಂತ ತೆಂಗಿನ ಗೆರಟೆಯಲ್ಲಿ ಬಿತ್ತಿದ ರಾಗಿ ಪೈರು ಹಳದಿ ಆಯಿತಂತೆ. ಡಿಸೆಂಬರ್ 20ಕ್ಕೆ ಇನ್ನೊಂದು ಸಲ ಬಿತ್ತಿ, ಹಳದಿ ಆದಾಗ ಹೊಸ ಗೆರಟೆ ಇಡಿ. ಬೈಹುಲ್ಲಿಗೆ ಇರುವೆ ಬರುತ್ತದಂತೆ. ಗುಡಿಸಿ! ನಕ್ಷತ್ರಕ್ಕೆ ಕರೆಂಟ್ ಖರ್ಚಂತೆ. ಒಂದು ಎಲ್‌ಇಡಿ ಬಲ್ಬಿಗೆ ಎಷ್ಟು ಮಾರಾಯ್ರೇ? ರಜೆ ಇಲ್ಲ ಅನ್ನುವುದು ಇನ್ನೊಂದು. ತಲಪಾಡಿ ಗಡಿಯಿಂದ ಈಚೆ ನಾವು ಕೇರಳದವರು. ಅರ್ಧವಾರ್ಷಿಕ ಪರೀಕ್ಷೆ ಮುಗಿದು ಮಕ್ಕಳಿಗೆ ಹತ್ತು ದಿನದಷ್ಟು ಕ್ರಿಸ್‌ಮಸ್ ರಜೆ ಕೊಡುವ ರಾಜ್ಯ. ಸರಕಾರವೇ ರಜೆ ಕೊಟ್ಟಿದೆ, ನೀವು ಒಂದೇ ದಿನಕ್ಕೆ ಮುಗಿಸುತ್ತೀರಿ!

ಅಂಗಡಿಯವರಿಗೆ 25ಕ್ಕೆ ಮುಗಿಯುತ್ತದೆ, ಸರಿ. ಅವರು ನವೆಂಬರಿನಲ್ಲೇ ಹಾಡು ಹಾಕಿದವರು. ನಾವೂ ಹಾಗೇ ಮಾಡಿದರೆ ಹೇಗೆ? ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರ ಕಾದದ್ದು ಯಾಕೆ? ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿದ್ದು ಜನ ಕಣ್ಣಾರೆ ನೋಡಲಿ ಅಂತ. 24ರ ರಾತ್ರಿ ಬಾಲಯೇಸುವನ್ನು ಮಲಗಿಸಿ 26ಕ್ಕೆ ಎತ್ತಿಟ್ಟರೆ ಯಾರು ನೋಡಬೇಕು?

ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ವಿಷಯವೂ ಇದೇ. ನಮ್ಮ ತಾಯಿ ಕಿಡಿಯೊ, ಗುಳಿಯೊ, ತುಕ್ಡಿ ಎಲ್ಲ ಒಂದೇ ದಿನ ಹಂಚುತ್ತಿರಲಿಲ್ಲ. ಕಸೂತಿ ಬಟ್ಟೆ ಮುಚ್ಚಿದ ತಟ್ಟೆ ಒಂದು ದಿನ ಬ್ಯಾರಿ ಮುಸ್ಲಿಮರ ಮನೆಗೆ, ಇನ್ನೊಂದು ದಿನ ಭಟ್ಟರಲ್ಲಿಗೆ. ಅವರಿಗೆ ಮೊಟ್ಟೆ ಹಾಕದ ನೆವ್ರ್ಯೊ, ಚಕ್ಕುಲಿ. ಹೋದಲ್ಲಿ ಕೂತು ಮಾತಾಡಿ ಬರುತ್ತಿದ್ದರು. ಬಂದವರು ಗೋದಲಿ ಮುಂದೆ ನಿಂತು ಮಕ್ಕಳಿಗೆ ಕುರಿ ತೋರಿಸುತ್ತಿದ್ದರು. ಈಗ ಪೆಟ್ಟಿಗೆ ಆರ್ಡರ್ ಮಾಡಿ ಗೇಟಿನಲ್ಲೇ ಕೊಟ್ಟು ಕಳಿಸುತ್ತಾರೆ. ಒಳಗೆ ಕರೆಯಲಿಕ್ಕೆ ಗೋದಲಿಯೇ ಇಲ್ಲವಲ್ಲ! ಅಂದ ಹಾಗೆ, ನೆವ್ರ್ಯೊ ಹೂರಣ ಹುರಿಯುವ ವಿಡಿಯೊ ನಮ್ಮ ಚಾನೆಲ್‌ನಲ್ಲಿ ಉಂಟು. ನೋಡಿ, ಸಬ್‌ಸ್ಕ್ರೈಬ್ ಮಾಡಿ, ಬೇಳ, ಕಯ್ಯಾರು, ವರ್ಕಾಡಿಯ ಎಲ್ಲ ಗ್ರೂಪುಗಳಿಗೂ ಕಳಿಸಿ.

"ಹೇಗೆ ಮಾಡಿದರೇನು ಅಂಕಲ್, ಮನಸ್ಸಿನಲ್ಲಿ ಭಕ್ತಿ ಇದ್ದರೆ ಸಾಕು" ಅನ್ನುವವರು ಈಗ ಬರುತ್ತಾರೆ. ಬರಲಿ. ಬರ್ತ್‌ಡೇಗೆ ಕಟ್ಟಿದ ಬಲೂನು ಹದಿನೈದು ದಿನ ಹಾಲಿನಲ್ಲೇ ನೇತಾಡುತ್ತದೆ, ಅದನ್ನು ಯಾರೂ ಬಿಚ್ಚುವುದಿಲ್ಲ. ಗೋದಲಿ ಮಾತ್ರ ಅಡ್ಡ ಆಗುತ್ತದಾ? ಬಿಚ್ಚಬೇಡಿ. ಅಷ್ಟೇ. ಕಾರಣ ಬೇಕಾದರೆ ವಿಡಿಯೊ ಮೊದಲಿಂದ ನೋಡಿ.

ಬಿಚ್ಚಿ ಆಗಿದೆ ಅನ್ನುವವರು ಈಗಲೇ ಏಳಿ. ಅಟ್ಟ ಹತ್ತಿ, ಡಬ್ಬ ಇಳಿಸಿ, ಮತ್ತೆ ಕಟ್ಟಿ. ಫೋಟೊ ನನಗೆ ಕಳಿಸಿ, ಮುಂದಿನ ವಿಡಿಯೊದಲ್ಲಿ ತೋರಿಸುತ್ತೇನೆ.