ಮುದ್ರೆ ಹೋದ ಮೇಲೆ

ಕೇಳುಗರಿಗೆ ನಮಸ್ಕಾರ.

1881ರ ಜನವರಿ. ಅಮೆರಿಕದ ಅಟ್ಲಾಂಟಾ ಊರಿನ ಬಿಗ್ ಬೆತೆಲ್ ಚರ್ಚಿನಲ್ಲಿ ಜನ ಸೇರಿದ್ದರು. ಎಲ್ಲರೂ ಕಪ್ಪು ಜನ. ಗುಲಾಮಗಿರಿ ಹೋಗಿ ಆಗಿನ್ನೂ ಹದಿನೈದು ಹದಿನಾರು ವರ್ಷ. ಅದೇ ಊರಿನ ಕ್ಲಾರ್ಕ್ ವಿಶ್ವವಿದ್ಯಾಲಯದವರು ತಮ್ಮ ಒಂದು ಕೋಣೆಗೆ ಸಾಮಾನು ಕೊಡಿಸಿ ಅಂತ ಇವರನ್ನು ಕೇಳಿದ್ದರು. ಆಗ ಸಭೆಯಲ್ಲಿದ್ದ ಒಬ್ಬರು ಅಂದರಂತೆ: ಬೇರೆಯವರ ಕೋಣೆಗೆ ಸಾಮಾನು ಕೊಡಿಸೋಕೆ ನಮ್ಮ ಕೈಲಿ ಆಗುತ್ತೆ ಅಂದಮೇಲೆ ನಮ್ಮದೇ ಒಂದು ಶಾಲೆ ಯಾಕೆ ಕಟ್ಟಬಾರದು?

ಹಾಗೆ ಹುಟ್ಟಿದ್ದು ಮಾರಿಸ್ ಬ್ರೌನ್ ಕಾಲೇಜು. 1885ರಲ್ಲಿ ಪಾಠ ಶುರುವಾಯಿತು. ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ಜನ ತಾವೇ ಕಟ್ಟಿ ತಾವೇ ನಡೆಸಿದ ಮೊದಲ ವಿದ್ಯಾಸಂಸ್ಥೆ ಅದು. 2002ರ ಡಿಸೆಂಬರ್‌ನಲ್ಲಿ ಆ ಕಾಲೇಜಿನ ಮಾನ್ಯತೆ ಹೋಯಿತು.

ಮಾನ್ಯತೆ ಅಂದ ಕೂಡಲೇ ನಮಗೆ ಇಲ್ಲಿನ ಕಾಲೇಜುಗಳನ್ನು ಅಳೆದು ದರ್ಜೆ ಕೊಡುವ ನ್ಯಾಕ್ ನೆನಪಾಗುತ್ತೆ, ಅಲ್ವಾ? ಅಲ್ಲಿನ ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಮಾನ್ಯತೆ ಕೊಡುವುದು ಸರ್ಕಾರವಲ್ಲ, ಕಾಲೇಜುಗಳೇ ಸೇರಿ ಕಟ್ಟಿಕೊಂಡ ಸಂಘಗಳು. ಆದರೆ ಸಂಘದ ಮುದ್ರೆ ಇಲ್ಲದ ಕಾಲೇಜಿಗೆ ಸೇರಿದ ಹುಡುಗನಿಗೆ ಫೆಡರಲ್ ಸರ್ಕಾರದ ಪೆಲ್ ಗ್ರಾಂಟ್ ಸಿಗುವುದಿಲ್ಲ. ಬಡ ಮಕ್ಕಳಿಗೆ ವಾಪಸ್ ಕಟ್ಟುವ ಹಂಗಿಲ್ಲದೆ ಸಿಗುವ ಹಣ ಅದು. ಸರ್ಕಾರಿ ಶಿಕ್ಷಣ ಸಾಲವೂ ಸಿಗುವುದಿಲ್ಲ. ಕಪ್ಪು ಜನರ ಸಣ್ಣ ಕಾಲೇಜುಗಳಲ್ಲಿ ಓದುವ ಹೆಚ್ಚಿನವರು ಈ ಎರಡನ್ನೇ ನಂಬಿಕೊಂಡವರು. ಮುದ್ರೆ ಹೋದರೆ ಮಕ್ಕಳು ಹೋಗುತ್ತಾರೆ. ಮಕ್ಕಳು ಹೋದರೆ ಫೀಸು ಹೋಗುತ್ತೆ. ಫೀಸಿಲ್ಲದೆ ಸಾಲ ತೀರಿಸುವುದು ಹೇಗೆ?

ಮಾರಿಸ್ ಬ್ರೌನ್‌ನಲ್ಲಿ ಸುಮಾರು 2,500 ಮಕ್ಕಳಿದ್ದರು. ಕೊನೆಗೆ ನೂರೂ ಉಳಿಯಲಿಲ್ಲ. 2008ರ ಕೊನೆಯಲ್ಲಿ ನೀರಿನ ಬಾಕಿ ಕಟ್ಟಲಿಲ್ಲ ಅಂತ ನಗರದವರು ನಲ್ಲಿಯನ್ನೇ ನಿಲ್ಲಿಸಿದರು. 2012ರಲ್ಲಿ ಕಾಲೇಜು ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಆಮೇಲೆ ಸಾಲ ತೀರಿಸಲು ಜಮೀನು ಮಾರಬೇಕಾಯಿತು.

ಕಾಲೇಜಿನ ಕಡೆ ತಪ್ಪೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಮಕ್ಕಳ ಹೆಸರಲ್ಲಿ ಬಂದ ಫೆಡರಲ್ ಹಣವನ್ನು ಕಾಲೇಜಿನ ಖರ್ಚಿಗೆ ಬಳಸಿದ್ದರು. ಮುಖ್ಯಸ್ಥರಾಗಿದ್ದವರೂ ಹಣಕಾಸು ನೆರವಿನ ವಿಭಾಗ ನೋಡುತ್ತಿದ್ದವರೂ 2006ರಲ್ಲಿ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಲೆಕ್ಕ ಕೇಳಿದ್ದು ಸರಿಯೇ. ಆದರೆ ಆ 2,500 ಮಕ್ಕಳು ಯಾವ ಲೆಕ್ಕ ತಪ್ಪಿಸಿದ್ದರು? ಓದು ಅರ್ಧಕ್ಕೆ ಬಿಟ್ಟು ಬೇರೆ ಕಾಲೇಜಿನ ಬಾಗಿಲು ತಟ್ಟಬೇಕಾದವರು ಅವರು.

ಇದರ ಹಿಂದೆ ಇನ್ನೂ ಒಂದು ಕಥೆ ಇದೆ. ಮಾನ್ಯತೆ ಕಿತ್ತುಕೊಂಡ ದಕ್ಷಿಣ ರಾಜ್ಯಗಳ ಸಂಘ ಶುರುವಾಗಿದ್ದು 1895ರಲ್ಲಿ, ಇದೇ ಅಟ್ಲಾಂಟಾದಲ್ಲಿ. ಕಪ್ಪು ಜನರ ಕಾಲೇಜುಗಳನ್ನು ಅದು ಪೂರ್ಣ ಸದಸ್ಯರಾಗಿ ಸೇರಿಸಿಕೊಂಡಿದ್ದು 1957ರಲ್ಲಿ. ಅಷ್ಟು ವರ್ಷ ಹೊರಗೇ ನಿಲ್ಲಿಸಿದ್ದರು. ಆ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ, ಮನೆ ಸಾಲ, ಆಸ್ತಿ ಯಾವುದೂ ಸುಲಭಕ್ಕೆ ಸಿಗಲಿಲ್ಲ. ಹಾಗಾಗಿ ಕಾಲೇಜಿಗೆ ದೊಡ್ಡ ದತ್ತಿ ಬರಲಿಲ್ಲ. ನಿಧಿ ಬೆಳೆಯಲಿಲ್ಲ. ಈಗ ಸಂಘದವರು ಬಂದು ಮೊದಲು ತೆಗೆಸಿ ನೋಡುವುದು ಅದೇ ಬ್ಯಾಂಕ್ ಪುಸ್ತಕ.

ಬೆನೆಟ್ ಕಾಲೇಜಿನ ಕಥೆ ಕೇಳಿ. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿದೆ. 1873ರಲ್ಲಿ ಶುರುವಾಗಿ, 1926ರಲ್ಲಿ ಹೆಣ್ಣುಮಕ್ಕಳ ಕಾಲೇಜಾಯಿತು. 1960ರಲ್ಲಿ ಆ ಊರಿನ ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ ಅಂತ ವಿದ್ಯಾರ್ಥಿಗಳು ಧರಣಿ ಕೂತರಲ್ಲ, ಅದರಲ್ಲಿ ಬೆನೆಟ್ ಹುಡುಗಿಯರೂ ಇದ್ದರು. 2018ರ ಡಿಸೆಂಬರ್‌ನಲ್ಲಿ ಅದೇ ಸಂಘ ಬೆನೆಟ್‌ನ ಮಾನ್ಯತೆ ತೆಗೆಯಿತು. ಪಾಠದ ಬಗ್ಗೆ ತಕರಾರಿರಲಿಲ್ಲ. ತಕರಾರು ಬರೀ ದುಡ್ಡಿನದು.

ಮೇಲ್ಮನವಿಗೆ ಮುಂಚೆ 50 ಲಕ್ಷ ಡಾಲರ್ ಕೂಡಿಸಬೇಕಿತ್ತು. ಕೈಯಲ್ಲಿದ್ದದ್ದು ಎರಡು ತಿಂಗಳೂ ಅಲ್ಲ. ಹಳೆಯ ವಿದ್ಯಾರ್ಥಿನಿಯರು ಕೊಟ್ಟರು, ಚರ್ಚುಗಳು ಕೊಟ್ಟವು, ಗುರುತು ಪರಿಚಯ ಇಲ್ಲದವರು ಕೈಲಾದಷ್ಟು ಕಳಿಸಿದರು. ಪಕ್ಕದ ಊರಿನ ಹೈ ಪಾಯಿಂಟ್ ವಿಶ್ವವಿದ್ಯಾಲಯ 10 ಲಕ್ಷ ಡಾಲರ್ ಕೊಟ್ಟಿತು. 2019ರ ಫೆಬ್ರುವರಿ 4ರಂದು ಲೆಕ್ಕ ಹೇಳಿದಾಗ 82 ಲಕ್ಷ ಡಾಲರ್! ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಅದೇ ತಿಂಗಳು 22ಕ್ಕೆ ಮೇಲ್ಮನವಿ ತಿರಸ್ಕಾರವಾಯಿತು. ಒಂದು ಸಲ ಎತ್ತಿದ ಚಂದಾ ಸಾಲದು, ವರ್ಷ ವರ್ಷವೂ ನಿಲ್ಲುವ ಆದಾಯ ಬೇಕು ಅನ್ನುವುದು ಸಂಘದ ವಾದ. ಸಂಘದ ಕಡೆಯಿಂದ ನೋಡಿದರೆ ಅದಕ್ಕೂ ಅರ್ಥವಿದೆ. ನಾಳೆ ಮುಚ್ಚಿಹೋಗುವ ಕಾಲೇಜಿಗೆ ಇವತ್ತು ಮಕ್ಕಳನ್ನು ಸೇರಿಸುವುದು ಸರಿಯಲ್ಲ. ಆದರೂ ಕೇಳಬೇಕು ಅನಿಸುತ್ತೆ: ನಿಲ್ಲುವ ಆದಾಯ ಬೇಕಾದರೆ ಸಮಯ ಬೇಡವೇ? ಮುದ್ರೆ ಹೋಗಬಹುದು ಅನ್ನುವ ಸುದ್ದಿ ಹಬ್ಬಿದರೆ ಸಾಕು, ಮುಂದಿನ ವರ್ಷ ಯಾವ ತಾಯಿ ಮಗಳನ್ನು ಅಲ್ಲಿಗೆ ಕಳಿಸುತ್ತಾಳೆ? ಬೆನೆಟ್ ಕೋರ್ಟಿಗೆ ಹೋಗಿ ಸ್ವಲ್ಪ ಕಾಲ ಮಾನ್ಯತೆ ಉಳಿಸಿಕೊಂಡಿತು. ವರ್ಜೀನಿಯಾದ ಸೇಂಟ್ ಪಾಲ್ಸ್ ಕಾಲೇಜು ಮಾತ್ರ ಉಳಿಯಲಿಲ್ಲ. 2012ರಲ್ಲಿ ಅದರ ಮಾನ್ಯತೆ ಹೋಯಿತು, 2013ರಲ್ಲಿ ಬಾಗಿಲು ಮುಚ್ಚಿತು.

ಬೆನೆಟ್, ಜಾರ್ಜಿಯಾದ ಪೇಯ್ನ್ ಕಾಲೇಜು ಇವೆಲ್ಲ ಟ್ರಾಕ್ಸ್ ಅನ್ನುವ ಇನ್ನೊಂದು ಸಂಸ್ಥೆಯ ಕಡೆ ಹೊರಳಿದವು. ಕ್ರೈಸ್ತ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅದು. ಮಾರಿಸ್ ಬ್ರೌನ್ ಕೂಡ ಅಲ್ಲಿಗೇ ಹೋಯಿತು. 2019ರಲ್ಲಿ ಕೆವಿನ್ ಜೇಮ್ಸ್ ಮಾರಿಸ್ ಬ್ರೌನ್‌ನ ಅಧ್ಯಕ್ಷರಾದರು. ಮಾನ್ಯತೆ ವಾಪಸ್ ತರುವುದೇ ಗುರಿ ಅಂತ ಹೊರಟರು. 2022ರ ಏಪ್ರಿಲ್‌ನಲ್ಲಿ ಪೂರ್ಣ ಮಾನ್ಯತೆ ಸಿಕ್ಕಿತು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕಾದಿದ್ದರು.

ಆ ಇಪ್ಪತ್ತು ವರ್ಷವೂ ಕಾಲೇಜು ಪೂರ್ತಿ ಮುಚ್ಚಲಿಲ್ಲ. ಬೆರಳೆಣಿಕೆಯ ಮಕ್ಕಳಿಗೆ ಪಾಠ ಹೇಳುತ್ತಲೇ ಇದ್ದರು. ಎಎಂಇ, ಅಂದರೆ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಅನ್ನುವ ಕಪ್ಪು ಜನರ ಚರ್ಚು ಕೈಬಿಡಲಿಲ್ಲ. 1881ರಲ್ಲಿ ಬಿಗ್ ಬೆತೆಲ್‌ನಲ್ಲಿ ಸೇರಿದ್ದವರದೂ ಅದೇ ಚರ್ಚು.

ನಮಸ್ಕಾರ.